ಗಳಿಕೆಯ ಶುದ್ಧಿ

(ಶ್ರಾವಣ ಮಾಸದ ಪ್ರವಚನ ಮಾಲಿಕೆಯಲ್ಲಿ, ಪೇಟೆಯ ವರ್ತಕ ಬಂಧುಗಳ ಸೇವೆಯ ದಿನದಂದು ದಯಪಾಲಿಸಿದ ಆಶೀರ್ವಚನ)



ಈ ದಿನದ ಪ್ರಸಾದ ಸೇವೆ ನಮ್ಮ ಪೇಟೆಯ ವರ್ತಕ ಬಂಧುಗಳದು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ಎಲ್ಲವೂ ಅವರ ಅಂಗಡಿಗಳಿಂದ ಬಂದಿದೆ. ಇಂಥ ದಿನ ಸೇವಾಕರ್ತರಿಗೆ ಶಾಲು ಹೊದಿಸಿ, ನಾಲ್ಕು ಹೊಗಳಿಕೆಯ ಮಾತುಗಳನ್ನಾಡಿ, ಹರಸಿ ಕಳಿಸುವುದು ಮಠಗಳ ವಾಡಿಕೆ. ಶಾಲು ಹೊದಿಸಿದ್ದಾಯಿತು. ಹೊಗಳಿಕೆಯನ್ನು ಮಾತ್ರ ಈ ಸಲ ತುಸು ಹಿಂದಕ್ಕೆ ಇಟ್ಟುಕೊಂಡಿದ್ದೇವೆ. ವ್ಯಾಪಾರಸ್ಥರ ಮುಂದೆ ವ್ಯಾಪಾರದ ಮಾತನ್ನೇ ಆಡಬೇಕೆಂದು ಮನಸ್ಸಾಗಿದೆ. ಕೇಳುವಾಗ ಎಲ್ಲಿಯಾದರೂ ಚುಚ್ಚಿದಂತಾದರೆ, ಅದು ಮೊದಲು ನಮಗೇ ಚುಚ್ಚಿದ ಮುಳ್ಳು ಎಂದು ತಿಳಿಯಿರಿ.

ಮೂರು ವರ್ಷದ ಹಿಂದಿನ ಮಾತು. ತಾವು ಪಂಕ್ತಿಯಲ್ಲಿ ಕುಳಿತು ಉಣ್ಣುವ ದಾಸೋಹ ಭವನ ಆಗಷ್ಟೇ ಮುಗಿದಿತ್ತು. ಹದಿನಾರು ಕಂಬಗಳು, ಒಂದೊಂದು ಕಂಬಕ್ಕೂ ಒಬ್ಬೊಬ್ಬ ದಾನಿಯ ಹೆಸರಿನ ಕಲ್ಲು. ಒಂದು ಮಧ್ಯಾಹ್ನ ಪ್ರಸಾದವಾದ ಮೇಲೆ ವಯಸ್ಸಾದ ರೈತನೊಬ್ಬ ಒಂದು ಕಂಬದ ಹತ್ತಿರ ನಿಂತು ಆ ಕಲ್ಲಿನ ಮೇಲೆ ಕೈಯಾಡಿಸುತ್ತಿದ್ದ. "ಏನಪ್ಪಾ, ಓದಲಿಕ್ಕೆ ಬರ್ತದೇನು?" ಎಂದು ಕೇಳಿದೆವು.

"ಓದಾಕ ಬರಂಗಿಲ್ರೀ ಅಜ್ಜಾರ. ಆದ್ರ ಹೆಸರು ಯಾರದಂತ ಗೊತ್ತೈತಿ. ಈ ಕಂಬದಾಗ ನಂದೂ ಒಂದೀಟು ಐತ್ರಿ" ಎಂದ.

ಹಣ ಕೊಟ್ಟಿದ್ದಾನೇನೋ ಎಂದುಕೊಂಡೆವು. ಕೊಟ್ಟಿರಲಿಲ್ಲ. ಅವನು ವರ್ಷಕ್ಕೆ ನಲವತ್ತು ಚೀಲ ಗೋವಿನಜೋಳವನ್ನು ಆ ಧಣಿಯ ದಲಾಲಿ ಅಂಗಡಿಗೆ ಹಾಕುತ್ತಿದ್ದನಂತೆ. ಚೀಲಕ್ಕೆ ಎರಡು ಕಿಲೋ ಕಡಿತ. ತೇವ ಇರಲಿ ಇಲ್ಲದಿರಲಿ, ಕಸ ಇರಲಿ ಇಲ್ಲದಿರಲಿ, ಎರಡು ಕಿಲೋ ಹೋಗಲೇಬೇಕು. ಕಾಟಾ ಎಲೆಕ್ಟ್ರಾನಿಕ್ ಆದ ಮೇಲೂ ಕಡಿತ ಹೋಗಲಿಲ್ಲ. ವರ್ಷಕ್ಕೆ ಎಂಬತ್ತು ಕಿಲೋ; ಹನ್ನೊಂದು ವರ್ಷಕ್ಕೆ ಎಂಟುನೂರ ಎಂಬತ್ತು ಕಿಲೋ. ಅಕ್ಷರ ಬಾರದ ಮನುಷ್ಯ ಲೆಕ್ಕವನ್ನು ಬಾಯಲ್ಲೇ ಇಟ್ಟುಕೊಂಡಿದ್ದ. ಸಿಟ್ಟಿನಿಂದ ಹೇಳಲಿಲ್ಲ, ತನ್ನ ಹೊಲದ ಮಣ್ಣನ್ನು ಬೇರೆಯವರ ಹೊಲದಲ್ಲಿ ಕಂಡವನು ಗುರುತು ಹಿಡಿದು ಹೇಳುವ ಹಾಗೆ ಹೇಳಿದ. ನಮಸ್ಕಾರ ಮಾಡಿ ಹೊರಟುಹೋದ.

ಆ ರಾತ್ರಿ ಪೂಜೆಗೆ ಕುಳಿತರೂ ಮನಸ್ಸು ನಿಲ್ಲಲಿಲ್ಲ. ಆ ಹಣ ಮಠಕ್ಕೆ ಬಂದಾಗ ಎಷ್ಟು ಎಂದು ಕೇಳಿದ್ದೆವು, ಎಲ್ಲಿಂದ ಎಂದು ಕೇಳಿರಲಿಲ್ಲ. ರಸೀದಿ ಕೊಟ್ಟಿದ್ದೆವು, ವಿಭೂತಿ ಕೊಟ್ಟಿದ್ದೆವು, ಕಲ್ಲಿನ ಮೇಲೆ ಹೆಸರನ್ನೂ ಕೊಟ್ಟಿದ್ದೆವು. ಕಂಬದ ಆ ಒಂದು ಪಾಲಿಗೆ ನಾವೂ ಸಾಕ್ಷಿಯಾದೆವಲ್ಲವೇ?

ನಾವು ಕಾಶಿಯಲ್ಲಿ ಸಂಸ್ಕೃತ ಓದುತ್ತಿದ್ದಾಗ ನಮ್ಮ ವಸತಿಗೆ ಹಾಲು ತರುವವನೊಬ್ಬನಿದ್ದ. ಬೆಳಗಿನ ಜಾವ ಗಂಗೆಯಲ್ಲಿ ಮಿಂದೇ ಬರುವನು. ಹಣೆಯ ತುಂಬ ಗಂಧ. ಹಾಲು ಮಾತ್ರ ಬಲು ತೆಳು. ನಮ್ಮಲ್ಲೊಬ್ಬ ತುಂಟ ವಿದ್ಯಾರ್ಥಿ ಕೇಳಿಯೇಬಿಟ್ಟ. ಆತ ನಾಚಲಿಲ್ಲ. "ಬೆರೆಸಿರುವುದು ಗಂಗೆಯ ನೀರು ಸ್ವಾಮಿ, ಕೊಳಾಯಿ ನೀರಲ್ಲ" ಎಂದ! ಆಗ ನಾವೆಲ್ಲ ನಕ್ಕೆವು. ಈಗ ಯೋಚಿಸಿದರೆ, ಆ ಹಾಲಿನವನು ಬಹಳ ಜನರ ಗುರುವಾಗಿಬಿಟ್ಟಿದ್ದಾನೆ ಎನಿಸುತ್ತದೆ.

ಸಂಸ್ಕೃತದ ಶಾಸ್ತ್ರಕಾರರು ಅರ್ಥಶೌಚ ಎಂದೊಂದು ಮಾತನ್ನು ಬಳಸುತ್ತಾರೆ. ಮನುಸ್ಮೃತಿಯಲ್ಲಿ ಶೌಚಗಳನ್ನು ಎಣಿಸುವಾಗ ಎಲ್ಲಕ್ಕಿಂತ ಮೇಲಿನ ಸ್ಥಾನವನ್ನು ಅರ್ಥಶೌಚಕ್ಕೆ, ಅಂದರೆ ಹಣದ ವ್ಯವಹಾರದ ಶುದ್ಧಿಗೆ ಕೊಟ್ಟಿದೆ. ಆ ಸ್ಮೃತಿಯ ಎಷ್ಟೋ ಮಾತುಗಳನ್ನು ಶರಣರು ಒಪ್ಪಲಿಲ್ಲ, ನಾವೂ ಒಪ್ಪುವುದಿಲ್ಲ. ಇದೊಂದನ್ನು ಒಪ್ಪಲು ಅಡ್ಡಿಯಿಲ್ಲ. ಕೌಟಿಲ್ಯನಂತೂ ಇನ್ನೂ ನೇರ. ಆತನ ಅರ್ಥಶಾಸ್ತ್ರದ ಓಲೆಗರಿಯ ಪ್ರತಿ ಕಳೆದ ಶತಮಾನದ ಆರಂಭದಲ್ಲಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಅದರಲ್ಲಿ ವ್ಯಾಪಾರಿಗಳಿಂದ ಪ್ರಜೆಗಳನ್ನು ಕಾಪಾಡುವುದು ಹೇಗೆ ಎಂಬುದಕ್ಕೆ ಒಂದು ಪ್ರಕರಣವೇ ಇದೆ. ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ ಸರಕಿಗೆ ನೂರಕ್ಕೆ ಹತ್ತು, ಇದಕ್ಕಿಂತ ಹೆಚ್ಚು ಲಾಭ ಕೂಡದು ಎಂದು ಕಟ್ಟು ಹಾಕುತ್ತಾನೆ. ತಕ್ಕಡಿಯಲ್ಲಿ, ಅಳತೆಯಲ್ಲಿ ಮೋಸ ಮಾಡಿದವರಿಗೆ ದಂಡ ಹೇಳುತ್ತಾನೆ. ಇಂದಿನ ಪೇಟೆಗೆ ಆ ಐದು, ಆ ಹತ್ತು ಒಗ್ಗುತ್ತದೋ ಇಲ್ಲವೋ, ಅದು ತಜ್ಞರ ವಿಷಯ. ಆದರೆ ವ್ಯಾಪಾರಿಯನ್ನು ಆತ ಕೇಳಿದ ಪ್ರಶ್ನೆ ಯಾವುದೆಂಬುದನ್ನು ಗಮನಿಸಿ. ಎಷ್ಟು ದಾನ ಕೊಟ್ಟೆ ಎಂದಲ್ಲ. ಎಷ್ಟು ತೂಗಿದೆ, ಎಷ್ಟು ಬೆಲೆ ಹಿಡಿದೆ ಎಂದು.

ಕೌಟಿಲ್ಯನದು ರಾಜನ ಕಣ್ಣು. ದಂಡದ ಭಯ ಇರುವಷ್ಟು ಹೊತ್ತು ಆ ಕಣ್ಣು ಕೆಲಸ ಮಾಡುತ್ತದೆ. ಶರಣರು ಆ ಕಣ್ಣನ್ನು ಮನೆಯೊಳಗೇ ತಂದಿಟ್ಟರು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ತಾವು ನೂರು ಸಲ ಕೇಳಿದ್ದೀರಿ; ನೂರ ಒಂದನೆಯ ಸಲ ಕೇಳಿರಿ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿಗಳು. ಮಾರಯ್ಯನ ಕಾಯಕವೆಂದರೆ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂತು. ಯಾರನ್ನೂ ವಂಚಿಸಿ ತಂದದ್ದಲ್ಲ, ನೆಲದ ಮೇಲೆ ಬಿದ್ದದ್ದು. ಗಂಡ ಹಿಗ್ಗಿನಿಂದ ತಂದ. ಹೆಂಡತಿ ಸೆರಗೊಡ್ಡಿ ಇಸಿದುಕೊಳ್ಳಲಿಲ್ಲ. ದಿನದ ಅಳತೆ ಮೀರಿದ್ದು ಹೇಗೆಂದು ಕೇಳಿದಳು, ಹೆಚ್ಚಿನದನ್ನು ತಂದಲ್ಲಿಗೇ ಚೆಲ್ಲಿ ಬರಲು ಹೇಳಿದಳು. ಆ ಮೇಲೆ ಅವರು ಜಂಗಮ ದಾಸೋಹ ಮಾಡಿದರು. ಕ್ರಮವನ್ನು ನೋಡಿ: ಅಕ್ಕಿಯ ವಿಚಾರಣೆ ಮೊದಲು, ಎಸರು ಇಡುವುದು ಆ ಮೇಲೆ. ನಾವು ದಾಸೋಹ ಭವನ ಕಟ್ಟಿಸುವಾಗ ಈ ಕ್ರಮವನ್ನೇ ಮರೆತಿದ್ದೆವು.

ನಡುವೆ ಒಂದು ಮಾತು. ಕಾಯಕದ ಹಿರಿಮೆಯ ಒಂದು ನುಡಿಯನ್ನು ನಿಮ್ಮಲ್ಲಿ ಬಹಳ ಮಂದಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಬರೆಸಿ ಕೆಳಗೆ ಬಸವಣ್ಣನವರ ಹೆಸರು ಹಾಕಿಸಿದ್ದೀರಿ. ಆ ನುಡಿ ಬರುವುದು ಈ ಮಾರಯ್ಯನ ವಚನದಲ್ಲಿ. ಹೆಸರು ತಿದ್ದಿಸಿದರೆ ಸಂತೋಷ. ತಿದ್ದಿಸದಿದ್ದರೂ ಬಸವಣ್ಣನವರು ಬೇಸರಪಡರು.

ಈಗ ದೊಡ್ಡ ವ್ಯಾಪಾರಕ್ಕೆ ಬರೋಣ. ನಮ್ಮ ಪೇಟೆಯ ಅಂಗಡಿ ಒಂದು ಅಳತೆಯದಾದರೆ ಕಂಪನಿಗಳದು ಇನ್ನೊಂದು ಅಳತೆ. ನಿಮ್ಮ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಅಂಥ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ಅವರ ಬಾಯಲ್ಲಿ ಸಿ.ಎಸ್.ಆರ್. ಎಂಬ ಮಾತನ್ನು ಕೇಳಿರುತ್ತೀರಿ. ಕಂಪನಿಯ ಸಾಮಾಜಿಕ ಹೊಣೆ ಎಂದು ಅದರ ಅರ್ಥ. 2013ರ ಕಂಪನಿ ಕಾಯಿದೆಯ 135ನೆಯ ಕಲಮು ಇದನ್ನು ಕಡ್ಡಾಯ ಮಾಡಿತು. 2014ರ ಏಪ್ರಿಲ್ ಒಂದರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡನ್ನು ಶಾಲೆ, ಆರೋಗ್ಯ, ನೀರು, ಪರಿಸರ ಮೊದಲಾದವುಗಳಿಗೆ ವೆಚ್ಚ ಮಾಡಬೇಕೆಂದು ವಿಧಿಸಿತು. ತನ್ನ ನೌಕರರಿಗಷ್ಟೇ ಉಪಯೋಗವಾಗುವ ಕೆಲಸವನ್ನು, ತನ್ನ ನಿತ್ಯದ ವ್ಯಾಪಾರದ ಕೆಲಸವನ್ನು, ರಾಜಕೀಯ ಪಕ್ಷಗಳಿಗೆ ಕೊಟ್ಟ ಹಣವನ್ನು ಇದರ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬ ನಿಯಮವನ್ನೂ ಮಾಡಿದರು. ಒಳ್ಳೆಯ ಕಾನೂನು. ಎಷ್ಟೋ ಹಳ್ಳಿಯ ಶಾಲೆಗಳಿಗೆ ಕೊಠಡಿ, ಶೌಚಾಲಯಗಳು ಆ ಹಣದಿಂದ ಬಂದಿವೆ. ನಾವು ಅದನ್ನು ಹಗುರ ಮಾಡುವುದಿಲ್ಲ.

ಆದರೆ ಕಾನೂನು ಕೇಳುವುದು ನೂರರಲ್ಲಿ ಎರಡನ್ನು. ಮಿಕ್ಕ ತೊಂಬತ್ತೆಂಟು ಹೇಗೆ ಬಂತು ಎಂಬುದು ಲಕ್ಕಮ್ಮನ ಪ್ರಶ್ನೆ. ಊರ ಶಾಲೆಗೆ ಗಣಕಯಂತ್ರ ಕೊಟ್ಟು ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡ ಕಾರ್ಖಾನೆ, ತನಗೆ ಬಿಡಿಭಾಗ ಮಾಡಿಕೊಟ್ಟ ಸಣ್ಣ ಲೇತ್ ಅಂಗಡಿಯವನಿಗೆ ಆರು ತಿಂಗಳಾದರೂ ಬಿಲ್ಲು ಕೊಡುವುದಿಲ್ಲ. ಸಣ್ಣ ಉದ್ಯಮಗಳ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ತೀರಿಸಬೇಕೆಂದು 2006ರ ಕಾಯಿದೆ ಹೇಳಿದೆ. ಆ ಲೇತ್ ಅಂಗಡಿಯವನು ಬಡ್ಡಿಗೆ ಸಾಲ ತಂದು ಹುಡುಗರಿಗೆ ಸಂಬಳ ಕೊಡುತ್ತಾನೆ. ಹಾಗಾದರೆ ಆ ಗಣಕಯಂತ್ರದ ಹಣ ಯಾರದು? ಬಳ್ಳಾರಿಯ ಗಣಿಗಳ ವಿಷಯವನ್ನೂ ತಾವು ಬಲ್ಲಿರಿ. 2011ರ ಜುಲೈಯಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟು ಆ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆ ವರದಿಯಲ್ಲಿ ಲಾರಿಗಳಿಗೆ ಮಿತಿ ಮೀರಿ ಅದಿರು ತುಂಬಿದ್ದು ಒಂದು ದೊಡ್ಡ ಆರೋಪ. ಅಲ್ಲಿಯೂ ಕಥೆ ಕೊನೆಗೆ ಬಂದು ನಿಂತದ್ದು ಕಾಟಾದ ಮೇಲೆಯೇ.

ಇನ್ನೊಂದು ಉದಾಹರಣೆ ನಮ್ಮ ಮನಸ್ಸನ್ನು ಬಹಳ ಕಾಡಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ನಮ್ಮಲ್ಲಿ ಯಾರಿಗಾದರೂ ಎದೆ ನೋವು ಬಂದರೆ, ಹೆರಿಗೆ ನೋವು ಬಂದರೆ, 108ಕ್ಕೆ ಫೋನು ಮಾಡಬೇಕೆಂದು ಹೊಲದಲ್ಲಿ ಕಳೆ ಕೀಳುವ ತಾಯಿಗೂ ಗೊತ್ತು. ಆ ಸೇವೆ ಮೊದಲು ಶುರುವಾದದ್ದು 2005ರಲ್ಲಿ, ಹೈದರಾಬಾದಿನಲ್ಲಿ. ಅದನ್ನು ಕಟ್ಟಿದ ಸಂಸ್ಥೆಯನ್ನು ಸ್ಥಾಪಿಸಿದವರು ಸತ್ಯಂ ಕಂಪ್ಯೂಟರ್ಸ್ ಕಂಪನಿಯ ರಾಮಲಿಂಗ ರಾಜು. ನಮ್ಮ ರಾಜ್ಯಕ್ಕೆ ಅದು ಆರೋಗ್ಯ ಕವಚ ಎಂಬ ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ ಒಂದರಂದು, ರಾಜ್ಯೋತ್ಸವದ ದಿನ. ಅದೇ ವರ್ಷ ಸತ್ಯಂ ಕಂಪನಿಗೆ ಉತ್ತಮ ಆಡಳಿತಕ್ಕೆಂದು ಒಂದು ದೊಡ್ಡ ಪ್ರಶಸ್ತಿಯೂ ಬಂತು.

ಎರಡು ತಿಂಗಳು ಕಳೆಯಿತು. 2009ರ ಜನವರಿ 7ರಂದು ರಾಮಲಿಂಗ ರಾಜು ತಮ್ಮ ಕಂಪನಿಯ ಆಡಳಿತ ಮಂಡಳಿಗೆ ಒಂದು ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕಿನ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದರು. ಹಿಂದಿನ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳ ವ್ಯವಹಾರದ ಲಾಭವನ್ನು 649 ಕೋಟಿ ಎಂದು ತೋರಿಸಿದ್ದರು. ನಿಜವಾಗಿ ಇದ್ದದ್ದು 61 ಕೋಟಿ. ವರ್ಷ ವರ್ಷ ಬೆಳೆಸಿದ ಸುಳ್ಳು. ಕಂಪನಿಯ ಹೆಸರೇನು? ಸತ್ಯಂ! ನಮ್ಮಂಥ ಸಂಸ್ಕೃತ ಓದಿದವರಿಗೆ ಆ ದಿನ ಪತ್ರಿಕೆ ಹಿಡಿಯಲು ನಾಚಿಕೆಯಾಯಿತು. ಷೇರು ಕೊಂಡ ಸಾಮಾನ್ಯ ಜನ ಒಂದೇ ದಿನದಲ್ಲಿ ಮುಳುಗಿದರು. ಸುಮಾರು 50 ಸಾವಿರ ನೌಕರರು ಮುಂದಿನ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಎಂದು ಕುಳಿತರು. ಅವರಲ್ಲಿ ನಮ್ಮ ಸೀಮೆಯ ಹುಡುಗರೂ ಇದ್ದರು. ಒಬ್ಬನ ಮದುವೆಯ ಲಗ್ನಪತ್ರಿಕೆ ನಮ್ಮ ಗದ್ದುಗೆಯ ಮೇಲಿತ್ತು. ಅದೇ ವರ್ಷ ಬೇರೆ ಕಂಪನಿಯವರು ಸತ್ಯಂ ಅನ್ನು ಕೊಂಡರು, ಆಂಬುಲೆನ್ಸ್ ಸೇವೆಯನ್ನು ಇನ್ನೊಬ್ಬರು ವಹಿಸಿಕೊಂಡರು. 2015ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದು ಹೇಳಿ ಏಳು ವರ್ಷದ ಶಿಕ್ಷೆ ವಿಧಿಸಿತು. ಮರು ತಿಂಗಳು ಮೇಲ್ಮನವಿಯಲ್ಲಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟರು.

ಈಗ ಹೇಳಿ, 108 ಗಾಡಿಯಲ್ಲಿ ಉಳಿದ ಜೀವ ಸುಳ್ಳೇ? ಅಲ್ಲ. ಅದರಲ್ಲಿ ಹುಟ್ಟಿದ ಕೂಸು ಸುಳ್ಳೇ? ಅಲ್ಲ. ಆ ಸೇವೆ ನಿಜವಾಗಿಯೂ ದೊಡ್ಡದು. ಅದಕ್ಕೇ ಈ ಉದಾಹರಣೆ ನಮ್ಮನ್ನು ಕಾಡುವುದು. ಕೆಟ್ಟವನು ಕೆಟ್ಟದ್ದನ್ನು ಮಾಡಿದರೆ ಕಲಿಯುವುದೇನೂ ಇಲ್ಲ. ಒಂದೇ ಕೈ ಆಂಬುಲೆನ್ಸನ್ನೂ ಕಳಿಸಿತು, ಸುಳ್ಳು ಲೆಕ್ಕಕ್ಕೆ ರುಜುವನ್ನೂ ಹಾಕಿತು. ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಇದನ್ನು ಜಮಾ ಕಡೆಗೆ, ಅದನ್ನು ಖರ್ಚಿನ ಕಡೆಗೆ ಬರೆದು ಕೊನೆಯಲ್ಲಿ ಬಾಕಿ ತೆಗೆಯುತ್ತೇವೆ. ಪುಣ್ಯ ಹೆಚ್ಚಾಗಿದ್ದರೆ ನಿದ್ದೆ ಬರುತ್ತದೆ. ಶರಣರ ವಹಿಯಲ್ಲಿ ಹೀಗೆ ವಜಾ ಹಾಕುವ ಕಾಲಮ್ಮೇ ಇಲ್ಲ. ಕಾಯಕದ ಲೆಕ್ಕ ಬೇರೆ, ದಾಸೋಹದ ಲೆಕ್ಕ ಬೇರೆ; ಇದರ ಕೊರತೆಯನ್ನು ಅದರಿಂದ ತುಂಬಲು ಬರುವುದಿಲ್ಲ.

ಹಾಗೆಂದು ಎಲ್ಲ ಉದ್ಯಮಿಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಬಾರದು. ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಯಲ್ಲಿ 1912ರಲ್ಲೇ ಎಂಟು ಗಂಟೆಯ ದುಡಿಮೆ ಎಂದು ಮಾಡಿದರು. 1920ರಲ್ಲಿ ಸಂಬಳ ಸಹಿತ ರಜೆ, ಭವಿಷ್ಯ ನಿಧಿ ತಂದರು. ಭವಿಷ್ಯ ನಿಧಿಯ ಕಾನೂನು ದೇಶಕ್ಕೆ ಬಂದದ್ದು 1952ರಲ್ಲಿ. ಅಲ್ಲಿ ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. 1920ರಲ್ಲೂ 1928ರಲ್ಲೂ ದೊಡ್ಡ ಮುಷ್ಕರಗಳಾಗಿವೆ. ಆದರೂ ಲಾಭ ತೆಗೆದ ಮೇಲೆ ದಾನ ಮಾಡುವುದಕ್ಕೂ, ಲಾಭ ತೆಗೆಯುವಾಗಲೇ ಕೂಲಿಕಾರನ ಬೆನ್ನನ್ನು ನೆನೆಯುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ದಾನದಲ್ಲಂತೂ ನಮ್ಮವರು ಹಿಂದೆ ಬಿದ್ದವರಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಯಾರಿಗೆ ಗೊತ್ತಿಲ್ಲ? ಮಾಮೂಲುಪೇಟೆಯ ವ್ಯಾಪಾರಿ, 1903ರಲ್ಲಿ ಕಟ್ಟಿಸಿದರು. ನೂರಕ್ಕೆ ಎರಡು ಎಂದು ಅವರಿಗೆ ಯಾವ ಕಲಮು ಹೇಳಿರಲಿಲ್ಲ. ಅವರು 1910ರಲ್ಲಿ ಲಿಂಗೈಕ್ಯರಾದರು, ಛತ್ರದಲ್ಲಿ ಇಂದಿಗೂ ದೀಪ ಉರಿಯುತ್ತಿದೆ.

ಇನ್ನು ನಮ್ಮ ಮಠದ ಮಾತು. ಕಳೆದ ವರ್ಷ ಪಟ್ಟಣದಿಂದ ಒಬ್ಬ ಮಧ್ಯಸ್ಥ ಬಂದಿದ್ದ. ಒಳ್ಳೆಯ ಉಡುಪು, ನಯವಾದ ಮಾತು. ಒಂದು ಕಂಪನಿಯಿಂದ ವಿದ್ಯಾರ್ಥಿ ನಿಲಯಕ್ಕೆ ಐವತ್ತು ಲಕ್ಷ ರೂಪಾಯಿ ಸಿ.ಎಸ್.ಆರ್. ಹಣ ಕೊಡಿಸುತ್ತೇನೆ ಎಂದ. ನಮ್ಮ ಟ್ರಸ್ಟಿನ ನೋಂದಣಿ ಪತ್ರಗಳನ್ನೆಲ್ಲ ನೋಡಿ ತಲೆಯಾಡಿಸಿದ. ಕೊನೆಗೆ, ಎದ್ದು ನಿಂತ ಮೇಲೆ, "ಅದರಲ್ಲಿ ಮೂವತ್ತೈದನ್ನು ನಗದಾಗಿ ಹಿಂದಕ್ಕೆ ಕೊಟ್ಟರಾಯಿತು; ಮಠಕ್ಕೆ ಹದಿನೈದು ಉಳಿಯುತ್ತದೆ. ಐವತ್ತಕ್ಕೂ ಬಿಲ್ಲು ನಾವೇ ಮಾಡಿಕೊಡುತ್ತೇವೆ" ಎಂದ. ವಿಭೂತಿ ಕೊಟ್ಟು ಕಳಿಸಿಬಿಟ್ಟೆವು. ಅವನು ಗೇಟು ದಾಟುವ ಮುನ್ನವೇ ನಮ್ಮ ಸಮಿತಿಯ ಹಿರಿಯರೊಬ್ಬರು ಬಂದು, "ಬುದ್ಧೀ, ನಿಲಯದ ಛಾವಣಿ ಎರಡು ಮಳೆಗಾಲದಿಂದ ಸೋರುತ್ತಿದೆ. ಹದಿನೈದು ಲಕ್ಷ ನಮ್ಮ ಜೇಬಿಗಲ್ಲವಲ್ಲ, ಮಕ್ಕಳಿಗಲ್ಲವೇ?" ಎಂದರು. ಅವರ ಮಾತಿನಲ್ಲಿ ಸ್ವಾರ್ಥವಿರಲಿಲ್ಲ. ಮಕ್ಕಳು ಹಾಸಿಗೆ ಸುತ್ತಿಟ್ಟುಕೊಂಡು ಮೂಲೆಯಲ್ಲಿ ಕುಳಿತದ್ದನ್ನು ನಾವೂ ಕಂಡಿದ್ದೇವೆ. ಈ ಶ್ರಾವಣದಲ್ಲೂ ಅದು ಸೋರುತ್ತಿದೆ. ನಿಮಗೆ ಹೇಳಲು ಸಂಕೋಚವೇನೂ ಇಲ್ಲ: ಮಳೆ ಜೋರಾದ ರಾತ್ರಿಗಳಲ್ಲಿ, ಮಾಡಿದ್ದು ಸರಿಯೇ ಎಂದು ನಮ್ಮನ್ನು ನಾವೇ ಕೇಳಿಕೊಂಡಿದ್ದೇವೆ. ಆಗ ಕಣ್ಣ ಮುಂದೆ ಬರುವುದು ಆ ರೈತ, ಕಂಬದ ಮೇಲೆ ಆಡುತ್ತಿದ್ದ ಅವನ ಕೈ.

ಆ ಕಂಬದ ಧಣಿಯನ್ನು ನಾವು ಕರೆಸಿದೆವು. ಅವರು ಈ ಸಭೆಯಲ್ಲಿದ್ದಾರೆಯೇ ಎಂದು ಹಿಂದೆ ಮುಂದೆ ನೋಡಬೇಡಿ. ರೈತ ಹೇಳಿದ್ದನ್ನು ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆ ಮೇಲೆ, "ಅಜ್ಜಾರ, ಮಠದಾಗ ಕುಂತು ಹೇಳೋದು ಹಗುರ ಐತ್ರಿ. ಪೇಟೆಯಾಗ ಎಲ್ಲಾರೂ ಕಡೀತಾರ. ನಾ ಒಬ್ಬನ ಬಿಟ್ರ ಅಂಗಡಿ ಉಳಿಯೂದು ಹೆಂಗ?" ಎಂದರು. ಈ ಪ್ರಶ್ನೆಯನ್ನು ಉಪದೇಶದಿಂದ ತಳ್ಳಿಹಾಕಬಾರದು. ತೇವ ಇರುವ ಕಾಳು ಒಣಗಿದ ಮೇಲೆ ತೂಕ ಇಳಿಯುತ್ತದೆ, ಕಸ ತೂರಿ ಹೋಗುತ್ತದೆ. ಆ ನಷ್ಟ ನಿಜ. ಹಾಗಿದ್ದರೆ ತೇವ ನೋಡಿ, ಆ ರೈತನ ಎದುರಿಗೇ ನೋಡಿ, ಬೆಲೆ ಇಳಿಸಿ ಹೇಳಿ, ಪಟ್ಟಿಯಲ್ಲಿ ಬರೆಯಿರಿ ಎಂದೆವು. ಪಟ್ಟಿಯಲ್ಲಿ ಬರೆಯಲು ಯಾವುದಕ್ಕೆ ಕೈ ಬರುವುದಿಲ್ಲವೋ ಅದನ್ನು ಬಿಟ್ಟುಬಿಡಿ ಎಂದೆವು. ಒಬ್ಬರೇ ಬಿಟ್ಟರೆ ಕಷ್ಟ ಎಂಬುದೂ ನಿಜ. ಶರಣರು ಒಬ್ಬೊಬ್ಬರೇ ಮೂಲೆಯಲ್ಲಿ ಕುಳಿತು ಸತ್ಯವಂತರಾಗಿರಲಿಲ್ಲ. ಅಂಬಿಗನೂ, ಹಗ್ಗ ಹೊಸೆಯುವವನೂ, ಬಟ್ಟೆ ಮಡಿ ಮಾಡುವವನೂ ಒಂದೆಡೆ ಕುಳಿತು, ನಿನ್ನ ಕಾಯಕ ಹೇಗೆ ನಡೆದಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಿಮ್ಮ ವರ್ತಕರ ಸಂಘದಲ್ಲಿ ಗಣೇಶೋತ್ಸವದ ಪಟ್ಟಿ ಎತ್ತುವುದರ ಬಗ್ಗೆ ನಾಲ್ಕು ಸಭೆ ಮಾಡುತ್ತೀರಿ. ಕಡಿತದ ಬಗ್ಗೆ ಒಂದು ಸಭೆಯಾದರೂ ಮಾಡಿದ್ದೀರಾ?

ಆ ಧಣಿ ಕಡಿತ ಬಿಟ್ಟು ಎರಡು ಸುಗ್ಗಿಯಾಯಿತು. ಅವರ ಅಂಗಡಿಯ ಮುಂದೆ ಚೀಲ ಹೆಚ್ಚಾಗಿವೆಯೋ ಕಡಿಮೆಯಾಗಿವೆಯೋ ನಾವು ಕೇಳಿಲ್ಲ. ಹೆಚ್ಚಾಗಿವೆ ಎಂದು ನಾವಿಲ್ಲಿ ಹೇಳಿದರೆ, ಲಾಭವಿದ್ದರೆ ಮಾತ್ರ ಸತ್ಯ ಎಂದು ನೀವು ಕಲಿತು ಹೋಗುತ್ತೀರಿ. ಕಂಬದ ಮೇಲಿನ ತಮ್ಮ ಹೆಸರಿನ ಕಲ್ಲನ್ನು ಅವರೇ ಬಂದು ತೆಗೆಸಿದರು. ಆ ಗುರುತು ಹಾಗೇ ಇದೆ. ಸುಣ್ಣ ಹಚ್ಚಬೇಡಿ ಎಂದು ನಾವೇ ಹೇಳಿದ್ದೇವೆ.

ಇನ್ನೆರಡು ಸೂಚನೆಗಳನ್ನು ಕೊಟ್ಟು ಮುಗಿಸುತ್ತೇವೆ, ಪ್ರಸಾದ ಆರುತ್ತದೆ. ಬರುವ ಸೋಮವಾರದಿಂದ ಮಠದ ಹೆಬ್ಬಾಗಿಲ ಪಕ್ಕದ ಕಟ್ಟೆಯ ಮೇಲೆ ಒಂದು ಕಾಟಾ ಇಡಿಸುತ್ತಿದ್ದೇವೆ. ತೂಕ ಮಾಪನ ಇಲಾಖೆಯ ಮುದ್ರೆ ಬಿದ್ದ ಕಾಟಾ. ಪೇಟೆಗೆ ಹೋಗುವ ರೈತ ತನ್ನ ಚೀಲವನ್ನು ಇಲ್ಲಿ ಪುಕ್ಕಟೆಯಾಗಿ ತೂಗಿಸಿಕೊಂಡು, ಚೀಟಿ ಬರೆಸಿಕೊಂಡು ಹೋಗಬಹುದು. ವರ್ತಕ ಬಂಧುಗಳು ಇದನ್ನು ತಮ್ಮ ಮೇಲಿನ ಅಪನಂಬಿಕೆ ಎಂದು ತಿಳಿಯಬಾರದು; ಬೇಕಾದರೆ ತಮ್ಮ ಕಾಟಾವನ್ನೂ ತಂದು ಇದರ ಜೊತೆ ಹೋಲಿಸಿ ನೋಡಲಿ. ಎರಡನೆಯದು, ಈ ವರ್ಷದ ಜಾತ್ರೆಯ ದಿನ ರಥ ಎಳೆಯುವ ಮುನ್ನ ಮಠದ ಜಮಾ ಖರ್ಚನ್ನು ಸಭೆಯಲ್ಲಿ ಓದಿಸುತ್ತೇವೆ. ಯಾವ ಹಣ ಎಲ್ಲಿಂದ ಬಂತೆಂದು ಕೇಳುವ ಹಕ್ಕು, ಪಂಕ್ತಿಯಲ್ಲಿ ಕುಳಿತು ಉಂಡ ಪ್ರತಿಯೊಬ್ಬರಿಗೂ ಇದೆ. ಆ ರೈತ ಹೋದ ಜಾತ್ರೆಗೆ ಬಂದಿರಲಿಲ್ಲ. ಅವನ ಊರಿನವರು ಯಾರಾದರೂ ಇಲ್ಲಿದ್ದರೆ, ಅಜ್ಜಾರು ಕರೆದಿದ್ದಾರೆ ಎಂದು ಅವನಿಗೆ ಹೇಳಿ.